ಮಂಗಳವಾರ, ಶುಕ್ರವಾರದ ಬೆಳಕು

1 ಜುಲೈ 2025, ಮಂಗಳವಾರ

ನನ್ನ ಆರು ವರ್ಷದ ಪಿಎಚ್‌ಡಿ ಇವತ್ತು ಬೆಳಗಾವಿ ಬಸ್ಸಿನಲ್ಲಿ ಸತ್ತಿತು. ಯಾವ ಊರಿನ ಹತ್ತಿರ ಪ್ರಾಣ ಹೋಯಿತೋ ಗೊತ್ತಿಲ್ಲ. ನಮ್ಮೂರು ನೇಸರಗಿಯಲ್ಲಿ ಬಸ್ಸು ಹತ್ತಿದ ಮೇಲೆ ಮಳೆ ಹಿಡಿಯಿತು. ನಾನು ತೊಡೆಯ ಮೇಲಿನ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಮೂರು ಸಲ ತೆಗೆದು ನೋಡಿದೆ. ಒಳಗಿದ್ದ ನನ್ನ ದೀಪದ ಗಾಜಿನ ಮೇಲಿನ ಪದರ ಅರಿಶಿನದ ಹಾಗೆ ಹಳದಿಯಾಗಿಯೇ ಇತ್ತು. ವಿಶ್ವವಿದ್ಯಾಲಯದಲ್ಲಿ ಸಮಿತಿಯ ಮುಂದೆ ತೆಗೆದರೆ ಸುಣ್ಣ ಬಳಿದಷ್ಟು ಬೆಳ್ಳಗೆ! ವೈರು ಜೋಡಿಸಿದೆ. ನಾಲ್ಕು ವೋಲ್ಟ್, ಐದು, ಆರು. ಏನೂ ಇಲ್ಲ. ಅಧ್ಯಕ್ಷೆ ಮೇಡಂ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪಾಪ, ಅವರ ಕನ್ನಡಕದ ತಪ್ಪೇನೂ ಇರಲಿಲ್ಲ.

"ಶುಕ್ರವಾರ ಇದರ ಜೋಡಿ ಗಾಜು ಇಪ್ಪತ್ತೇಳು ನಿಮಿಷ ಉರದೈತ್ರಿ ಮೇಡಂ" ಎಂದೆ.

"ಬಾಯಿಮಾತಿನ ಬೆಳಕಿಗೆ ಡಿಗ್ರಿ ಕೊಡಾಕ ಬರೂದಿಲ್ಲ ಉಮಾಶ್ರೀ. ಎರಡ ಸಲ ಮುದ್ದತ್ತ ಕೊಟ್ಟಾಗೇತಿ. ಸೆಪ್ಟೆಂಬರ್ ಹತ್ತೊಂಬತ್ತಕ್ಕ ನಾವ ನಿಮ್ಮ ಬೈಲಹೊಂಗಲಕ್ಕ ಬರತೇವಿ. ನಮ್ಮ ಕಣ್ಣ ಮುಂದ ಮಾಡ್ರಿ. ಒಂದ ತಾಸ ಉರದ್ರ ಪ್ರಬಂಧ ಬರೀರಿ. ಇಲ್ಲಂದ್ರ ನೋಂದಣಿ ರದ್ದ."

ನನ್ನ ಮಾರ್ಗದರ್ಶಕ ಬಸಯ್ಯ ಸರ್ ಇಷ್ಟು ಹೊತ್ತೂ ತಮ್ಮ ಫೈಲಿನ ದಾರವನ್ನು ಬಿಚ್ಚಿ ಕಟ್ಟುತ್ತಿದ್ದರು. ಹೊರಗೆ ಬಂದ ಮೇಲೆ "ಚಾ ಕುಡೀತೀಯೇನು?" ಎಂದರು. ನಾನು ಕುಡಿಯಲಿಲ್ಲ.

ಎಂಬತ್ತು ದಿನ.

3 ಜುಲೈ, ಗುರುವಾರ

ಎಪ್ಪತ್ತೆಂಟು ದಿನ. ಅಳುವ ಕೆಲಸವನ್ನು ನಿನ್ನೆಗೇ ಮುಗಿಸಿದ್ದೇನೆ.

ನಮ್ಮ ಕಾಲೇಜಿನಲ್ಲಿ ಎಸಿ ಇರುವುದು ಹಳೆಯ ಕಂಪ್ಯೂಟರ್ ಕೋಣೆಗೆ ಮಾತ್ರ. ಭೌತಶಾಸ್ತ್ರ ಕಲಿಸುವವಳಿಗೆ ಎಸಿ ಯಾಕೆ ಎಂದು ಎಲ್ಲರೂ ಕೇಳಿದರೂ ಪ್ರಾಚಾರ್ಯರ ಬೆನ್ನು ಬಿಡದೆ ಅದನ್ನು ದಕ್ಕಿಸಿಕೊಂಡೆ. ಅಲ್ಲಿಯೇ ನನ್ನ ಕಾರ್ಖಾನೆ. ಹಳೆ ಕಂಪ್ಯೂಟರಿನ ಫ್ಯಾನಿಗೆ ನನ್ನ ಯಜಮಾನರು ಕಲ್ಮೇಶ ತಮ್ಮ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೂತು ಜೋಡಿಸಿಕೊಟ್ಟ ತಿರುಗಣೆ, ಅದರ ಪಕ್ಕ ಕಾಯುವ ತಟ್ಟೆ, ಒಂದು ಬ್ಯಾಟರಿ. ತಿರುಗುವ ಗಾಜಿನ ಮೇಲೆ ಒಂದು ಹನಿ ದ್ರಾವಣ ಬಿಡುತ್ತೇನೆ. ಅದರಲ್ಲಿ ಸೀಸದ ಉಪ್ಪೂ ಇದೆ, ಇಂಗಾಲದ ಉಪ್ಪೂ ಇದೆ. ಎರಡು ಜಾತಿ ಬೆರೆತದ್ದಕ್ಕೇ ಹೈಬ್ರಿಡ್ ಎನ್ನುವುದು. ಹನಿ ಹರಡಿ, ತಟ್ಟೆಯ ಮೇಲೆ ಒಣಗಿ, ಪೆರೋವ್‌ಸ್ಕೈಟ್ ಎಂಬ ಹರಳಿನ ತೆಳು ಪದರವಾಗುತ್ತದೆ. ಅದರ ಮೇಲೆ ಪಾದರಸದಂತೆ ಹೊಳೆಯುವ ಲೋಹದ ಒಂದು ಹನಿ ಇಟ್ಟು ವಿದ್ಯುತ್ ಹಾಯಿಸಿದರೆ ಹಸಿರು ಬೆಳಕು. ಅಂಗಡಿಯ ಎಲ್‌ಇಡಿ ಹುಟ್ಟಲು ದೊಡ್ಡ ಕುಲುಮೆ ಬೇಕು. ಇದಕ್ಕೆ ರೊಟ್ಟಿ ಹಂಚಿಗಿಂತ ಕಡಿಮೆ ಕಾವು ಸಾಕು. ಬೈಲಹೊಂಗಲದಲ್ಲೂ ಮಾಡಬಹುದಾದ ದೀಪ ಎಂದೇ ನಾನು ಇದರ ಬೆನ್ನು ಹತ್ತಿದ್ದು.

ಇದಕ್ಕಿರುವ ವೈರಿ ಒಂದೇ, ಗಾಳಿಯ ಪಸೆ. ಓದಿದ ಪ್ರಬಂಧಗಳೆಲ್ಲ ಅದನ್ನೇ ಹೇಳುತ್ತವೆ.

ಹಾಳಾದ ಹನ್ನೊಂದು ಗಾಜುಗಳನ್ನು ಕಸದ ಬುಟ್ಟಿಗೆ ಎಸೆದೆ. ಸಿಪಾಯಿ ಶಟ್ಟೆವ್ವ ಬಳಿದುಕೊಂಡು ಹೋಗುತ್ತಾಳೆ.

11 ಜುಲೈ, ಶುಕ್ರವಾರ

ಎಪ್ಪತ್ತು. ಹೆಚ್ಚು ಹೊತ್ತು ಸಿಗಲಿ ಎಂದು ಮೊದಲ ಬಸ್ಸಿಗೇ ಕಾಲೇಜಿಗೆ ಬಂದೆ. ಆರು ಗಾಜು ಮಾಡಿದೆ. ಆರೂ ಬಿಳಿ. ಒಂದಾದರೂ ಹಳದಿ ಉಳಿದಿದ್ದರೆ ಅದರ ಮುಂದೆ ಕೂತು ಏನಾದರೂ ಕಲಿಯುತ್ತಿದ್ದೆ. ತಲೆ ಮೊಸರು ಗಡಿಗೆಯಾಗಿದೆ.

ಪಸೆ ಅಳೆಯುವ ಮೀಟರ್ ತರಿಸಲು ಹೇಳಿದ್ದೇನೆ. ಬಿಡುವವಳಲ್ಲ ನಾನು.

15 ಜುಲೈ, ಮಂಗಳವಾರ

ಕಳ್ಳ ಸಿಕ್ಕ! ಕಳ್ಳಿ ಎನ್ನಬೇಕು.

ಇವತ್ತೂ ಮೊದಲ ಬಸ್ಸು. ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಶಟ್ಟೆವ್ವ ಮಂಡಿಯೂರಿ ಶಹಾಬಾದಿ ಫರಸಿಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಪಕ್ಕದಲ್ಲಿ ಬಕೀಟು. ಹೊಸ್ತಿಲಿಗೆ ದೇವಿಯ ಭಂಡಾರದ ಅರಿಶಿನ ಬೊಟ್ಟು. ನನ್ನ ತಿರುಗಣೆಗೂ ಒಂದು ಬೊಟ್ಟು!

"ಏನ ಮಾಡಾಕತ್ತೀಬೇ?"

"ಮಂಗಳಾರ ಅಲ್ರೀ ಅಕ್ಕೋರ. ಉಳದ ದಿನಾ ಬರೇ ಕಸಾ ಹೊಡೀತೇನಿ. ಮಂಗಳಾರ, ಶುಕ್ರಾರ ನೆಲಾ ಒರಸಿ, ಯಲ್ಲವ್ವನ ಭಂಡಾರ ಹಚ್ಚಿ, ಮಿಷನ್ನಿಗೆ ಕೈ ಮುಗದ ಹೋಗತೇನಿ. ಬೆಳಕ ಹುಟ್ಟೂ ಜಾಗಾ ಅಂತ ನೀವ ಹೇಳಿದ್ರಲ್ಲ."

"ಯಾವತ್ತಿಂದ ನಡದೈತಿ ಇದು?"

"ನೀವ ಈ ಕೋಣಿ ಹಿಡದ ದಿನದಿಂದ್ರಿ. ಮೂರ ವರ್ಷಾತು."

ಮೂರು ವರ್ಷ! ನಾನು ಹತ್ತೂವರೆಗೆ ಬರುವಷ್ಟರಲ್ಲಿ ಫರಸಿ ಮೇಲೆ ಮೇಲೆ ಒಣಗಿರುತ್ತದೆ, ಗಾಳಿಯಲ್ಲಿ ನೀರು ತುಂಬಿರುತ್ತದೆ. ಬಸ್ಸಿನಲ್ಲಿ ಸತ್ತ ಗಾಜು ಯಾವತ್ತು ಮಾಡಿದ್ದು? ಶುಕ್ರವಾರ. ಮೊನ್ನೆ ಆರೂ ಬಿಳಿಯಾದದ್ದು? ಶುಕ್ರವಾರ. ನನ್ನ ಮೂಗಿನ ತುದಿಯ ಸಿಟ್ಟು ಇಡೀ ಕಾಲೇಜಿಗೆ ಗೊತ್ತು. ಇವತ್ತು ಇಡೀ ಕಾಲೇಜಿಗೆ ಕೇಳಿಸಿತು ಕೂಡ.

"ಆರ ವರ್ಷದ ದುಡಿಮಿಗೆ ನೀರ ಹಾಕೀದಿ ನೀ! ಇನ್ನ ಮ್ಯಾಲ ಈ ಕೋಣಿಯೊಳಗ ಕಾಲ ಇಡಬ್ಯಾಡ."

ಪ್ರಾಚಾರ್ಯರು ಬಂದರು, ಗುಮಾಸ್ತರು ಬಂದರು, ಬಿಎಸ್ಸಿ ಹುಡುಗಿಯರು ಬಾಗಿಲಲ್ಲಿ ನಿಂತರು. ಶಟ್ಟೆವ್ವ ಬಟ್ಟೆ ಹಿಂಡಿ ಬಕೀಟಿನ ಅಂಚಿಗೆ ಹಾಕಿ, ಸೆರಗಿನಿಂದ ತಿರುಗಣೆಯ ಮೇಲಿನ ಬೊಟ್ಟು ಒರೆಸಿ ಹೋದಳು. ಬಾಗಿಲಿಗೆ 'ಒಳಗೆ ಪ್ರವೇಶವಿಲ್ಲ' ಎಂದು ಚೀಟಿ ಅಂಟಿಸಿದೆ.

ಕಾರಣ ಸಿಕ್ಕಿತು. ಎದೆ ಹಗುರಾಗಿದೆ. ಅರವತ್ತಾರು ದಿನ ಧಾರಾಳ.

22 ಜುಲೈ, ಮಂಗಳವಾರ

ಐವತ್ತೊಂಬತ್ತು. ಮೀಟರ್ ಬಂದಿದೆ. ದಿನವಿಡೀ ಎಸಿ, ಕಿಟಕಿ ಭದ್ರ, ಕಸ ನಾನೇ ಗುಡಿಸುತ್ತೇನೆ. ಪಸೆ ನಲವತ್ತೆರಡರ ಮೇಲೆ ಹೋಗುವುದಿಲ್ಲ. ವಾರದಲ್ಲಿ ಮೂವತ್ತು ಗಾಜು ಮಾಡಿದೆ, ಒಂದೂ ಬಿಳಿಯಾಗಲಿಲ್ಲ. ಎಲ್ಲಾ ಹಳದಿ, ಎಲ್ಲಾ ಚೆಂದ.

ಬೆಳಕು ಮಾತ್ರ ಮೂರು ನಿಮಿಷ. ಒಂದು ನಾಲ್ಕು. ಮಂಕಾಗಿ ಹತ್ತಿ, ತೂಕಡಿಸಿ, ಆರಿಹೋಗುತ್ತದೆ.

ಶಟ್ಟೆವ್ವ ಲೈಬ್ರರಿ ಕಡೆ ಕೆಲಸ ಬದಲಿಸಿಕೊಂಡಿದ್ದಾಳಂತೆ. ಒಳ್ಳೆಯದೇ ಆಯಿತು.

29 ಜುಲೈ, ಮಂಗಳವಾರ

ಪಂಚಮಿ. ರಜೆ. ಬಾಯಿಗೆ ಉಂಡಿ ಹಾಕಿಕೊಂಡು ಮನೆಯ ನೆಲ ಒರೆಸುತ್ತಿದ್ದವಳು ನಡುವೆ ನಿಂತುಬಿಟ್ಟೆ. ಇವರು "ಮನಿ ಒರಸೂದರ ಬಂದ ಮಾಡಬ್ಯಾಡ ಮಾರಾಯಳ, ಇಲ್ಲೇನ ದೀಪಾ ಮಾಡೂದೈತಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಪ್ರತಿ ವರ್ಷ ಶಟ್ಟೆವ್ವ ಪಂಚಮಿಗೆ ಮೊದಲು ಶೇಂಗಾ ಉಂಡಿ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದಳು. ಈ ಸಲ ಇಲ್ಲ. ಯಾಕೆ ತರುತ್ತಾಳೆ?

ಐವತ್ತೆರಡು.

6 ಆಗಸ್ಟ್, ಬುಧವಾರ

ನಲವತ್ತನಾಲ್ಕು. ಬರೆಯಲು ನಾಚಿಕೆಯಾಗುತ್ತಿದೆ. ಯಾರೂ ಓದದ ಪುಸ್ತಕದಲ್ಲೂ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ?

ಒಣ ಕೋಣೆಯಲ್ಲಿ ಮಾಡಿದ ತೊಂಬತ್ತು ಗಾಜಿನಲ್ಲಿ ಒಂದೂ ಐದು ನಿಮಿಷ ದಾಟಲಿಲ್ಲ. ಇವತ್ತು ಮಧ್ಯಾಹ್ನ ಸಿಟ್ಟಿನಿಂದ ಹಳೆಯ ಪ್ರಯೋಗದ ನೋಟ್‌ಬುಕ್ಕು ತೆಗೆದು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಉರಿದವನ್ನಷ್ಟೇ ಕೆಂಪು ಶಾಯಿಯಲ್ಲಿ ಗುರುತು ಮಾಡಿದೆ. ಮಾರ್ಚ್ ಹದಿನೆಂಟು, ಇಪ್ಪತ್ತೆರಡು ನಿಮಿಷ. ಜೂನ್ ಹತ್ತು, ಮೂವತ್ತೊಂದು. ಜೂನ್ ಇಪ್ಪತ್ತೇಳು, ಇಪ್ಪತ್ತೇಳು. ಜುಲೈ ನಾಲ್ಕು, ಇಪ್ಪತ್ತೈದು. ಆಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿ ವಾರ ನೋಡಿದೆ.

ಮಂಗಳವಾರ. ಮಂಗಳವಾರ. ಶುಕ್ರವಾರ. ಶುಕ್ರವಾರ.

ಆರೂ ಬಿಳಿಯಾದ ಆ ಶುಕ್ರವಾರ ನಾನು ಮೊದಲ ಬಸ್ಸಿಗೆ ಬಂದಿದ್ದೆ, ನೆಲ ಇನ್ನೂ ಹಸಿಯಾಗಿದ್ದಾಗಲೇ ಕೆಲಸ ಶುರು ಮಾಡಿದ್ದೆ. ಹತ್ತೂವರೆಗೆ ಬಂದ ದಿನ ನೆಲ ಆರುತ್ತಿತ್ತು, ಎಸಿ ಗಾಳಿಯನ್ನು ಒಣಗಿಸುತ್ತಿತ್ತು. ಅಂದರೆ ಹರಳು ಕೂಡುವ ಹೊತ್ತಿಗೆ ತುಸು ಪಸೆ ಬೇಕು. ಹರಳಿನ ನಡುವಿನ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಪಸೆ ಹೋಗಬೇಕು. ಹೀಗೆ ಹೇಳುವ ಎರಡು ಪ್ರಬಂಧಗಳನ್ನು ಎರಡು ವರ್ಷದ ಹಿಂದೆಯೇ ಓದಿ, ನಮಗಲ್ಲ ಎಂದು ಬದಿಗಿಟ್ಟಿದ್ದೆ. ಬಸ್ಸಿನಲ್ಲಿ ಸತ್ತ ಗಾಜಿಗೂ ಶಟ್ಟೆವ್ವನ ಬಕೀಟಿಗೂ ಸಂಬಂಧವಿಲ್ಲ. ಮಳೆಯಲ್ಲಿ ಮೂರು ಸಲ ಮುಚ್ಚಳ ತೆಗೆದವಳು ನಾನು.

ಆರು ವರ್ಷದ ದುಡಿಮೆಗೆ ನೀರು ಹಾಕಿದ್ದು ನಿಜ. ಗಿಡಕ್ಕೆ ಹಾಕಿದ ಹಾಗೆ ಹಾಕಿದ್ದಳು.

8 ಆಗಸ್ಟ್, ಶುಕ್ರವಾರ

ನೆಲ ಒರೆಸಲು ಪಿಎಚ್‌ಡಿ ಬೇಕೇ ಎಂದುಕೊಂಡು ಬಕೀಟು ಹಿಡಿದೆ. ಮೀಟರ್ ಎಂಬತ್ತೈದಕ್ಕೆ ಹೋಗಿ ಕೂತಿತು, ಮಧ್ಯಾಹ್ನದವರೆಗೂ ಇಳಿಯಲಿಲ್ಲ. ಎಲ್ಲಾ ಬಿಳಿ. ಬೇಕು ಅಂತ ಕಾಣುತ್ತದೆ.

ಲೈಬ್ರರಿಗೆ ಹೋದೆ. ಶಟ್ಟೆವ್ವ ಹದಿನೈದು ದಿನ ರಜೆ. ಶ್ರಾವಣದಲ್ಲಿ ಯಲ್ಲವ್ವನ ಗುಡ್ಡಕ್ಕೆ ಬರುವ ಭಕ್ತರು ಹೆಚ್ಚು, ಉಗರಗೋಳದಲ್ಲಿರುವ ತಂಗಿಯ ಅಂಗಡಿಗೆ ಹೋಗಿದ್ದಾಳಂತೆ.

ನಲವತ್ತೆರಡು. ಭಾನುವಾರ ಹೋಗುತ್ತೇನೆ.

10 ಆಗಸ್ಟ್, ಭಾನುವಾರ

ಸವದತ್ತಿ ಬಸ್ಸಿನಲ್ಲಿ ಎರಡೂವರೆ ತಾಸು ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಹೋದೆ. ಉಗರಗೋಳದಲ್ಲಿ ಇಳಿಯುವಾಗ ಒಂದೂ ನೆನಪಿರಲಿಲ್ಲ.

ಗುಡ್ಡದ ದಾರಿಯಲ್ಲಿ ಭಂಡಾರ, ಹಸಿರು ಬಳೆ, ಬೆತ್ತದ ಬುಟ್ಟಿ ಮಾರುವ ಚಿಕ್ಕ ಅಂಗಡಿ. ತಂಗಿ ಸತ್ಯವ್ವ ಗಿರಾಕಿಗೆ ಭಂಡಾರ ಕಟ್ಟಿಕೊಡುತ್ತಿದ್ದಳು. ಶಟ್ಟೆವ್ವ ನನ್ನನ್ನು ನೋಡಿ ಎದ್ದು ನಿಂತಳು.

"ಬರ್ರಿ ಅಕ್ಕೋರ. ದರ್ಶನಕ್ಕ ಬಂದ್ರೇನ್ರಿ?"

"ಇಲ್ಲ ಶಟ್ಟೆವ್ವ. ನಿನ್ನ ಕಡೆ ಬಂದೇನಿ. ತಪ್ಪ ನಂದ ಐತಿ."

ಮಂದಿಯ ಮುಂದೆ ಬೈದದ್ದಕ್ಕೆ ಮಂದಿಯ ಮುಂದೆಯೇ ಹೇಳಿದೆ. ಸತ್ಯವ್ವನ ಕೈಯಲ್ಲಿನ ಪೊಟ್ಟಣ ಅರ್ಧಕ್ಕೆ ನಿಂತಿತು. ಇಬ್ಬರು ಗಿರಾಕಿಗಳು ಬಳೆ ಬಿಟ್ಟು ನನ್ನನ್ನೇ ನೋಡಿದರು. ಶಟ್ಟೆವ್ವ ಅವರು ಬಿಟ್ಟ ಬಳೆಗಳನ್ನು ಎತ್ತಿ ಬದಿಗಿಟ್ಟಳು.

"ನೀವ ಬೈದದ್ದಕ್ಕ ಬ್ಯಾಸರಾಗಲಿಲ್ರಿ. ಕಲತಾವ್ರ ಬೈತೀರಿ. ಮಿಷನ್ನಿನ ಮ್ಯಾಲಿನ ಭಂಡಾರ ನನ್ನ ಕೈಲೆ ಒರಸೂ ಹಂಗ ಮಾಡಿದ್ರಲ್ಲ, ಅದ ಸಂಕಟ ಆತ್ರಿ."

ನನ್ನ ಕಣ್ಣಲ್ಲಿ ನೀರು ಬಂತು.

ಕುಂತ್ರಿ ಎಂದು ಚಾಪೆ ಹಾಸಿ ಚಹಾ ಕೊಟ್ಟಳು. ಆಗ ಗೋಡೆಯ ಮಾಡದಲ್ಲಿದ್ದ ಬಿಸ್ಕೀಟಿನ ಡಬ್ಬಿ ಇಳಿಸಿ ಮುಂದಿಟ್ಟಳು. ಮುಚ್ಚಳ ತೆಗೆದರೆ ನನ್ನ ಗಾಜುಗಳು! ನಾನು ಕಸಕ್ಕೆ ಎಸೆದವು, ಐವತ್ತು ಅರವತ್ತು ಇರಬಹುದು.

"ಭಂಡಾರದ ಬಣ್ಣ ಐತ್ರಿ. ಕಸದಾಗ ಹೆಂಗ ಚೆಲ್ಲಲಿ? ಆರಿಸಿ ಇಲ್ಲಿ ತಂದ ಇಟ್ಟೆ."

ಸೀಸ! ಬರಿಗೈಯಿಂದ ಆರಿಸಿದ್ದಾಳೆ, ಮೂರು ವರ್ಷ. ನಾನು ಮಾತ್ರ ಗ್ಲೌಸ್ ಹಾಕಿಕೊಂಡು ಮುಟ್ಟಿ, ಗ್ಲೌಸ್ ಇಲ್ಲದವಳ ಬುಟ್ಟಿಗೆ ಎಸೆಯುತ್ತಿದ್ದೆ. ಇದು ವಿಷ, ಇದನ್ನು ಮುಟ್ಟಿದ ಕೈಯಲ್ಲಿ ಉಣ್ಣಬಾರದು ಎಂದು ಹೇಳಿ ಕೈ ತೊಳೆಸಿದೆ, ನಾನೂ ತೊಳೆದೆ. ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡೆ. ಸವದತ್ತಿ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸೋಣ ಎಂದರೆ ಶಟ್ಟೆವ್ವ ನಕ್ಕರು. ನಾನು ಪಟ್ಟು ಬಿಡಲಿಲ್ಲ. ನಾಳೆಯೇ ಹೋಗುತ್ತೇನೆ ಎಂದು ಅವರು ಮಾತು ಕೊಟ್ಟ ಮೇಲೆಯೇ ನಾನು ಎದ್ದದ್ದು.

ಬಸ್ಸಿನಲ್ಲಿ ಚೀಲ ಬಿಚ್ಚದೆ ಡಬ್ಬಿ ಅಲುಗಿಸಿಯೂ ನೋಡದೆ ಕೂತೆ. ಇಷ್ಟಾದರೂ ಕಲಿತಿದ್ದೇನೆ. ಮನೆಯ ಅಂಗಳದಲ್ಲಿ ಗ್ಲೌಸ್ ಹಾಕಿಕೊಂಡು ತೆಗೆದೆ. ಪ್ರತಿ ಗಾಜಿನ ಮೂಲೆಯಲ್ಲಿ ನಾನು ನಂಬರು ಕೆತ್ತುತ್ತೇನೆ. ಹೆಚ್ಚಿನವು ಬೆಳ್ಳಗಾಗಿದ್ದವು. ಹಳದಿಯಾಗಿ ಉಳಿದ ಒಂಬತ್ತರ ನಂಬರುಗಳನ್ನು ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಒಂಬತ್ತೂ ಮಂಗಳವಾರ, ಶುಕ್ರವಾರದವು.

ನಲವತ್ತು ದಿನ. ಶಟ್ಟೆವ್ವ ರಜೆ ಮುರಿದು ನಾಡಿದ್ದು ಬರುತ್ತಾರೆ.

12 ಆಗಸ್ಟ್, ಮಂಗಳವಾರ

ಶಟ್ಟೆವ್ವಕ್ಕ ಬಂದರು. ಬಾಗಿಲ ಮೇಲಿನ ಚೀಟಿ ಕಿತ್ತು ಹಾಕಿದ್ದೆ, ಆದರೂ ಹೊಸ್ತಿಲಲ್ಲಿ ನಿಂತರು. "ಒಳಗ ಬರ್ರಿ" ಎಂದ ಮೇಲೆ ಬಂದರು.

ನಾನು ಒರೆಸಿದ ಕಥೆ ಹೇಳಿದೆ. ಎಷ್ಟು ನೀರು ಎಂದು ಕೇಳಿದರು. ಬಕೀಟು ಎಂದೆ.

"ಅಯ್ಯ, ನೀವ ತೊಳದೀರಿ. ನಾ ಒರಸತೇನಿ. ಬಟ್ಟಿ ಹಿಂಡಿ ಹಿಂಡಿ, ಹನಿ ಬೀಳಬಾರದು ಹಂಗ. ಮೂರ ಸಾಲ. ಒಂದ ಸಾಲ ಆರಿದ ಮ್ಯಾಲ ಇನ್ನೊಂದ. ಆಮ್ಯಾಲ ಎಸಿ ಹಚ್ಚಿ ಬಾಗಲಾ ಮುಚ್ಚತೇನಿ."

"ಆರಿದ್ದು ಹೆಂಗ ಗೊತ್ತಾಗತೈತ್ರಿ?"

ಚಪ್ಪಲಿ ಬಿಟ್ಟ ಕಾಲು ತೋರಿಸಿದರು. "ಅಂಗಾಲಿಗೆ ತಂಪ ಹತ್ತಬೇಕು. ಹಸಿ ಹತ್ತಬಾರದು."

ಮೀಟರ್ ಅರವತ್ತೆರಡು ತೋರಿಸಿತು. ನಲವತ್ತು ನಿಮಿಷದಲ್ಲಿ ನಲವತ್ತೈದಕ್ಕೆ ಇಳಿಯಿತು. ಆ ಇಳಿಜಾರಿನಲ್ಲೇ ಗಾಜು ಮಾಡಿದೆ.

ಮೂವತ್ತಾರು ನಿಮಿಷ!

ಸೀಸದ ಗಾಜಿಗೆ ಕೆಂಪು ಮುಚ್ಚಳದ ಬೇರೆ ಡಬ್ಬಿ ಇಟ್ಟಿದ್ದೇವೆ, ಎಲ್ಲಾ ಕೂಡಿದ ಮೇಲೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು. ಗ್ಲೌಸ್ ಇಬ್ಬರಿಗೂ. ಅವರ ರಕ್ತದ ವರದಿ ಬರಲು ವಾರ ಬೇಕಂತೆ. ತಿರುಗಣೆಗೆ ಭಂಡಾರ ಹಚ್ಚಿರಿ ಎಂದೆ. ಧೂಳು ಬಿದ್ದೀತು, ಹೊಸ್ತಿಲಿಗೆ ಸಾಕು ಎಂದರು.

20 ಆಗಸ್ಟ್, ಬುಧವಾರ

ವರದಿ ಬಂತು. ಸೀಸ ತುಸು ಇದೆ, ಅಪಾಯದ ಮಟ್ಟಕ್ಕಿಂತ ಕೆಳಗೆ, ಮೂರು ತಿಂಗಳಿಗೆ ಮತ್ತೆ ನೋಡಿ ಎಂದರು ಡಾಕ್ಟರು. "ನಾ ಹೇಳಿದ್ನಿಲ್ಲ?" ಎಂದು ಶಟ್ಟೆವ್ವಕ್ಕ ನನ್ನನ್ನೇ ಸಮಾಧಾನ ಮಾಡಿದರು. ಇವತ್ತು ಗಾಜು ಮಾಡಲಿಲ್ಲ.

2 ಸೆಪ್ಟೆಂಬರ್, ಮಂಗಳವಾರ

ನಲವತ್ನಾಲ್ಕು ನಿಮಿಷ. ಈಗ ವಾರಕ್ಕೆ ಐದು ದಿನವೂ ಒರೆಸುತ್ತೇವೆ. "ದಿನಾ ಮಂಗಳಾರ ಮಾಡಿದ್ರಿ" ಎಂದು ತಮಾಷೆ ಮಾಡುತ್ತಾರೆ. ನಾಲ್ಕನೆಯ ಇಯತ್ತೆವರೆಗೆ ಓದಿದವರು, ಅಕ್ಷರ ಗುಂಡಾಗಿದೆ. ಪ್ರಯೋಗದ ನೋಟ್‌ಬುಕ್ಕಿನ ಎಡ ಪುಟ ಅವರದು. ಇವತ್ತಿನದನ್ನು ಇಲ್ಲಿ ನಕಲು ಮಾಡಿಕೊಂಡಿದ್ದೇನೆ:

'ಮೂರ ಸಾಲ. ಎರಡನೇದಕ್ಕ ಬಟ್ಟಿ ಜಾಸ್ತಿ ಹಿಂಡೇನಿ. ಹೊರಗ ಮಳಿ. ಕಿಡಕಿ ಕಡೆ ಫರಸಿ ಲಗೂ ಆರವಲ್ದು.'

ಕಿಟಕಿ ಕಡೆ ಫರಸಿ ಬೇಗ ಆರುವುದಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮೇಜನ್ನು ಗೋಡೆಯ ಕಡೆ ಸರಿಸಿದೆವು.

5 ಸೆಪ್ಟೆಂಬರ್, ಶುಕ್ರವಾರ

ಮೇಜು ಸರಿಸಿದ ಮೇಲೆ ಐವತ್ತೊಂದು!

ಸಮಿತಿಗೆ ಕೊಡಬೇಕಾದ ವರದಿಯನ್ನು ಬಸಯ್ಯ ಸರ್‌ಗೆ ಕಳಿಸಿದ್ದೆ. ಫೋನು ಮಾಡಿದರು.

"ಎಲ್ಲಾ ಛಲೋ ಐತಿ. ಆದ್ರ ಈ ಫರಸಿ ಒರಸೂದು, ಶಟ್ಟೆವ್ವ, ಇದೆಲ್ಲಾ ತಗೀಬೇಕ ಉಮಾಶ್ರೀ. ನಿಯಂತ್ರಿತ ಆರ್ದ್ರತೆ ಅಂತ ಬರಿ, ಅಂಕಿ ಹಾಕು. ಸುಳ್ಳೇನ ಅಲ್ಲಲಾ?"

"ಅಂಕಿ ಹಾಕೇನ್ರಿ ಸರ್. ಆದ್ರ ನಿಯಂತ್ರಣ ನಂದಲ್ಲರಿ."

"ಮಂದಿ ನಗತಾರ."

"ನಗಲಿ ಬಿಡ್ರಿ."

ಅವರು ಕೆಂಪು ಗೆರೆ ಎಳೆದು ವಾಪಸು ಕಳಿಸಿದ್ದಾರೆ. ನಾನು ಆ ಸಾಲುಗಳನ್ನು ಹಾಗೆಯೇ ಇಟ್ಟು ಮತ್ತೆ ಕಳಿಸಿದೆ. ಶಿಕ್ಷಕರ ದಿನದಂದು ಗುರುಗಳ ಮಾತು ಮೀರಿದ ಪಾಪ ಎಷ್ಟೋ.

12 ಸೆಪ್ಟೆಂಬರ್, ಶುಕ್ರವಾರ

ಐವತ್ತೆಂಟು. ಎರಡು ನಿಮಿಷ ಕಡಿಮೆ. ಮತ್ತೆ ಮಾಡಿದೆವು: ಐವತ್ತಾರು. ಮತ್ತೆ: ಐವತ್ತೆಂಟು. ಶಟ್ಟೆವ್ವಕ್ಕ ಹತ್ತೂವರೆಯ ನಂತರ ಬೇರೆ ಕೋಣೆಗಳಿಗೆ ಹೋಗಬೇಕು, ಮಧ್ಯಾಹ್ನ ಬಂದು "ಎಷ್ಟಾತ್ರಿ?" ಎಂದು ಕೇಳುತ್ತಾರೆ. ಹೇಳಿದೆ.

"ಹಂಗಂದ್ರ ಇನ್ನ ಎರಡ ನಿಮಿಷದ ಕೆಲಸಾ ಉಳದೈತಿ" ಎಂದು ಬಟ್ಟೆ ಜಾಡಿಸಿ ಒಣಹಾಕಿದರು.

18 ಸೆಪ್ಟೆಂಬರ್, ಗುರುವಾರ

ನಾಳೆ. ಏನೂ ಮಾಡಲಿಲ್ಲ. ಗಾಜು ತೊಳೆದು ಇಟ್ಟೆ. ಶಟ್ಟೆವ್ವಕ್ಕ ಹೊಸ ಬಟ್ಟೆ ತರಲಿಲ್ಲ, ಹಳೆಯದೇ ಇರಲಿ ಎಂದರು.

19 ಸೆಪ್ಟೆಂಬರ್, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಒಂಬತ್ತೂವರೆಗೆ ಮೂರು ಸಾಲು ಮುಗಿಯಿತು. ಒಂಬತ್ತು ನಲವತ್ತಕ್ಕೆ ಲೈಟು ಹೋಯಿತು. ಎಸಿ ನಿಂತಿತು. ಹತ್ತು ಗಂಟೆಗೆ ಅಧ್ಯಕ್ಷೆ ಮೇಡಂ, ಇನ್ನೊಬ್ಬ ಪ್ರಾಧ್ಯಾಪಕರು, ಬಸಯ್ಯ ಸರ್ ಬಂದರು. ಪ್ರಾಚಾರ್ಯರು ಉಪ್ಪಿಟ್ಟು ಕೊಟ್ಟು ಎಷ್ಟು ಹೊತ್ತು ಎಳೆಯಲು ಸಾಧ್ಯವೋ ಅಷ್ಟು ಎಳೆದರು. ಹತ್ತೂ ನಲವತ್ತಕ್ಕೆ ಲೈಟು ಬಂತು. ಹನ್ನೊಂದಕ್ಕೆ ಮೀಟರ್ ಐವತ್ತೈದಕ್ಕೆ ಇಳಿದಿತ್ತು. ನಮ್ಮ ಲೆಕ್ಕಕ್ಕೆ ಅದು ಸರಿಯಾದ ಅಂಕಿ.

"ಶುರು ಮಾಡ್ರಿ. ನಮಗ ಧಾರವಾಡಕ್ಕ ಬ್ಯಾರೆ ಹೋಗೂದೈತಿ" ಎಂದರು ಮೇಡಂ.

ನಾನು ಗ್ಲೌಸ್ ಏರಿಸಿದೆ. ಬಾಗಿಲಲ್ಲಿ ನಿಂತಿದ್ದ ಶಟ್ಟೆವ್ವಕ್ಕ "ಈಗ ಬ್ಯಾಡ್ರಿ ಅಕ್ಕೋರ" ಎಂದರು.

ಬಸಯ್ಯ ಸರ್ ನನಗೆ ಕಣ್ಣಿನಿಂದಲೇ ಸನ್ನೆ ಮಾಡಿದರು. ಪ್ರಾಧ್ಯಾಪಕರು ಗೋಡೆಯ ಮೀಟರಿನ ಕಡೆ ಬೆರಳು ತೋರಿಸಿ, ಸರಿ ಇದೆಯಲ್ಲ ಎಂದರು.

"ಅದು ಗ್ವಾಡಿ ಮ್ಯಾಲ ಐತ್ರಿ ಸಾಹೇಬ್ರ. ನೆಲಾ ಇನ್ನ ಹಸಿ ಐತಿ. ಇಪ್ಪತ್ತ ನಿಮಿಷ ತಡೀರಿ."

ನಾನು ಚಪ್ಪಲಿ ಕಳಚಿ ಮೇಜಿನ ಬುಡದ ಫರಸಿಯ ಮೇಲೆ ಕಾಲಿಟ್ಟೆ. ಹಸಿ. ಎರಡು ಗಜ ಆಚೆ ಇಟ್ಟೆ. ಅಲ್ಲೂ ಹಸಿ.

"ಇಪ್ಪತ್ತ ನಿಮಿಷ ಬೇಕ್ರಿ ಮೇಡಂ" ಎಂದೆ.

"ಇವ್ರ ಯಾರು?"

"ಶಟ್ಟೆವ್ವ ಅಂತ್ರಿ. ವರದಿಯ ಆರನೇ ಪುಟದಾಗ ಅದಾರ."

ಮೇಡಂ ಪುಟ ತಿರುವಿದರು. ಓದಿದರು. ಮತ್ತೊಮ್ಮೆ ಓದಿದರು. ಬಸಯ್ಯ ಸರ್ ಫೈಲಿನ ದಾರ ಹುಡುಕುತ್ತಿದ್ದರು. ಶಟ್ಟೆವ್ವಕ್ಕ ಒಣ ಬಟ್ಟೆ ತಂದು ಮೇಜಿನ ಬುಡದಲ್ಲಿ ಒಂದು ಸಾಲು ಎಳೆದರು. ಆಮೇಲೆ ಬರಿಗಾಲಲ್ಲಿ ಕೋಣೆಯ ಉದ್ದಕ್ಕೂ ನಡೆದರು, ಹೋಗಿ ಬಂದರು, ಮತ್ತೆ ಹೋಗಿ ಬಂದರು. ನಾಲ್ಕು ಜನ ಕಲಿತವರು ಅವರ ಕಾಲನ್ನೇ ನೋಡುತ್ತ ನಿಂತಿದ್ದೆವು.

"ಈಗ ಮಾಡ್ರಿ" ಎಂದು ಬಕೀಟು ಎತ್ತಿಕೊಂಡು ಬೇರೆ ಕೋಣೆಗಳ ಕೆಲಸಕ್ಕೆ ಹೋದರು.

ಮಾಡಿದೆ. ಹನಿ, ತಿರುಗಣೆ, ತಟ್ಟೆ, ಲೋಹದ ಹನಿ. ಕಿಟಕಿಗೆ ಕಪ್ಪು ಬಟ್ಟೆ ಇಳಿಸಿದೆವು. ಹನ್ನೊಂದೂ ಐವತ್ತೆರಡಕ್ಕೆ ವೈರು ಮುಟ್ಟಿಸಿದೆ. ಎಳೆಯ ಜೋಳದ ಎಲೆಯಷ್ಟು ಹಸಿರು. ನಾಲ್ಕು ನಿಮಿಷ ದಾಟಿತು. ಮೂವತ್ತೊಂದು ದಾಟಿತು. ಐವತ್ತೆಂಟೂ ದಾಟಿತು. ಅರವತ್ತಾಯಿತು, ಬೆಳಕು ಅಲುಗಲಿಲ್ಲ.

ಮೇಡಂ ಎದ್ದು ಕಪ್ಪು ಬಟ್ಟೆಯ ಒಂದು ತುದಿ ಸರಿಸಿ, ಅಷ್ಟೇ ಬೆಳಕಿನಲ್ಲಿ ಸಹಿ ಹಾಕಿದರು. "ಪ್ರಬಂಧ ಬರೀರಿ. ಒಂದ ಸಲ ಅಲ್ಲ, ಮೂವತ್ತ ಸಲ ಮಾಡಿ ಅಂಕಿ ಕೊಡ್ರಿ. ಮತ್ತ ಆರನೇ ಪುಟಾ ತಗೀಬ್ಯಾಡ್ರಿ." ಕೊನೆಯ ಮಾತು ಹೇಳುವಾಗ ಬಸಯ್ಯ ಸರ್ ಕಡೆ ನೋಡಿದರು. ಸರ್ "ಹೌದ ಹೌದ, ಅದ ಮುಖ್ಯ ಪುಟಾ" ಎಂದರು. ಎಲ್ಲರೂ ಊಟಕ್ಕೆ ಹೋದರು.

ನಾನು ಹೋಗಲಿಲ್ಲ. ಶಟ್ಟೆವ್ವಕ್ಕ ಚಹಾದ ಕಪ್ಪುಗಳನ್ನು ತೆಗೆದುಕೊಳ್ಳಲು ಬಂದರು. ಆಗ ಹೊಳೆಯಿತು. ಮೂರು ವರ್ಷ ಈ ಕೋಣೆಯ ನೆಲ ಒರೆಸಿದ್ದಾರೆ, ಬೆಳಕನ್ನು ಒಮ್ಮೆಯೂ ನೋಡಿಲ್ಲ. ನಾನು ತೋರಿಸಿಯೂ ಇಲ್ಲ.

"ಇಲ್ಲಿ ಬರ್ರಿ, ಕುಂಡ್ರಿ."

ಸ್ಟೂಲಿನ ಮೇಲೆ ಕೂತು ಬಾಗಿ ನೋಡಿದರು. ಉದ್ದಿನ ಕಾಳಿಗಿಂತ ತುಸು ದೊಡ್ಡದು.

"ಇಷ್ಟ ಸಣ್ಣದೇನ್ರಿ?"

"ಇಷ್ಟ ಸಣ್ಣದರಿ."

"ಇದಕ್ಕ ಇಷ್ಟೆಲ್ಲಾ ಬೈದ್ರಿ?"

ಇಬ್ಬರೂ ನಕ್ಕೆವು. ನನಗೆ ನಗು ನಿಲ್ಲಲಿಲ್ಲ, ಆಮೇಲೆ ಅದು ಅಳುವೂ ಆಯಿತು. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಹಾಗೇ ಕೂತೆವು. ಹಸಿರು ನಿಧಾನವಾಗಿ ಇಳಿಯಿತು, ಒಂದು ಅಂಚಿನಿಂದ ಕಪ್ಪಾಗುತ್ತ ಬಂದು ಆರಿತು. ಆರು ವರ್ಷದಲ್ಲಿ ಮೊದಲ ಸಲ ನಾನು ಗಡಿಯಾರ ನೋಡಿರಲಿಲ್ಲ.

"ಆರಿದಾಗ ಗಡಿಯಾರದಾಗ ಒಂದೂ ಇಪ್ಪತ್ನಾಕ ಆಗಿತ್ರಿ" ಎಂದರು ಶಟ್ಟೆವ್ವಕ್ಕ. "ಬರಕೋರಿ."

ಬರೆದುಕೊಂಡೆ.